ಹತ್ತೊಲ್ಲದ ಇಂಡಿಕೇಟರಿಗೆ ಹನ್ನೆರಡು ಸೂತ್ರ

“ಒಮ್ಮಿ ಹತ್ತತದ, ಒಮ್ಮಿ ಹತ್ತಂಗಿಲ್ಲ. ಮಿಸ್ತ್ರಿ ಮುಂದ ಒಯ್ದು ನಿಂದರಿಸಿದ್ರ ಮಾತ್ರ ಛಲೋ ಹತ್ತತದ ನೋಡು.”

ಚಪಳಗಾಂವದ ನಮ್ಮ ಮಾಮಾ ತಮ್ಮ ಪ್ರೀಮಿಯರ್ ಪದ್ಮಿನಿಯ ಬಲಗಡೆಯ ಇಂಡಿಕೇಟರ್ ಬಗ್ಗೆ ಹೇಳಿದ ಮಾತಿದು. ಹಳೆ ಕಾರು ಇಟ್ಟುಕೊಂಡವರೆಲ್ಲ ಎಂದಾದರೊಮ್ಮೆ ಆಡಿರುವ ಮಾತೂ ಹೌದು. ಪೂರಾ ಸತ್ತ ಇಂಡಿಕೇಟರನ್ನು ಚಹಾ ಆರುವುದರೊಳಗೆ ಸರಿಮಾಡಬಹುದು. ಬಂದುಹೋಗುವ ದೋಷ ಹಾಗಲ್ಲ. ಸಾಲ ತೆಗೆದುಕೊಂಡವನ ಹಾಗೆ, ಹುಡುಕಿಕೊಂಡು ಹೋದಾಗ ಮನೆಯಲ್ಲಿರುವುದಿಲ್ಲ.

ಮಾಮಾ ಅಷ್ಟರಲ್ಲಿ ಎರಡು ಫ್ಲಾಶರ್ ಬದಲಿಸಿದ್ದರು, ನಾಲ್ಕು ಬಲ್ಬು ಹಾಕಿಸಿದ್ದರು. ಹೊಸ ಸ್ವಿಚ್ಚಿಗಾಗಿ ಸೊಲ್ಲಾಪುರದ ಹಳೆ ಸಾಮಾನಿನ ಅಂಗಡಿಗಳನ್ನು ಸುತ್ತುವ ತಯಾರಿಯಲ್ಲಿದ್ದರು. ಕಡೆಗೆ ಸಿಕ್ಕ ಕಾರಣ ಒಂದೇ ಒಂದು ಸ್ಕ್ರೂ. ಅದರ ಕಥೆ ನಾಲ್ಕನೆಯ ಸೂತ್ರದಲ್ಲಿದೆ. ನೇರ ಅಲ್ಲಿಗೇ ಹೋಗಬೇಡಿ, ನಿಮ್ಮ ಗಾಡಿಯ ಕಾರಣ ಬೇರೆ ಇದ್ದೀತು.

ಪದ್ಮಿನಿ ನಮ್ಮ ಸೀಮೆಗೆ ಪರಕೀಯ ಗಾಡಿ ಅಲ್ಲ. ಅದನ್ನು ತಯಾರಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಕಟ್ಟಿದ ವಾಲಚಂದ ಹಿರಾಚಂದ ದೋಶಿ ಹುಟ್ಟಿದ್ದು 1882ರಲ್ಲಿ, ಸೊಲ್ಲಾಪುರದಲ್ಲಿ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುಮಾಡಿದವರೂ ಅವರೇ. ಇಂದಿನ ಎಚ್‌ಎಎಲ್‌ನ ಬೇರು ಅಲ್ಲಿದೆ. 1944ರಲ್ಲಿ ಮುಂಬಯಿಯ ಕಾರು ಕಂಪನಿ ಸ್ಥಾಪನೆಯಾಯಿತು. ಇಟಲಿಯ ಫಿಯಾಟ್ 1100 ಇಲ್ಲಿ 1964ರಿಂದ ‘ಡಿಲೈಟ್’ ಆಗಿ ಓಡಿ, 1974ರಲ್ಲಿ ‘ಪದ್ಮಿನಿ’ ಎಂಬ ಹೆಸರು ಪಡೆಯಿತು. ವಾಲಚಂದರು ಅದನ್ನು ನೋಡಲಿಲ್ಲ, 1953ರಲ್ಲೇ ತೀರಿಕೊಂಡಿದ್ದರು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟವು. ನಮ್ಮ ಮಾಮಾನ ಪದ್ಮಿನಿ ಮಾತ್ರ ಇವತ್ತಿಗೂ ಗುರುವಾರ ತಪ್ಪದೆ ಅಕ್ಕಲಕೋಟಕ್ಕೆ, ಸ್ವಾಮಿ ಸಮರ್ಥರ ದರ್ಶನಕ್ಕೆ ಹೋಗಿಬರುತ್ತದೆ.

ಕೆಳಗಿನ ಸೂತ್ರಗಳು ಪದ್ಮಿನಿಗೆ ಮಾತ್ರವಲ್ಲ. ಅಂಬಾಸಿಡರ್, ಮಾರುತಿ 800, ಓಮ್ನಿ, ಹಳೆ ಜೀಪು ಯಾವುದಕ್ಕೂ ನಡೆಯುತ್ತವೆ. ಕಂಪ್ಯೂಟರ್ ತುಂಬಿದ ಹೊಸ ಗಾಡಿಗೆ ನಡೆಯುವುದಿಲ್ಲ.

1. ಪಾನಾ ಹಿಡಿಯುವ ಮೊದಲು ಪೆನ್ನು ಹಿಡಿಯಿರಿ

ಇಂಡಿಕೇಟರ್ ಕೈಕೊಟ್ಟ ಆ ಗಳಿಗೆಯಲ್ಲಿ ಏನೇನು ನಡೆದಿತ್ತು ಎಂದು ಬರೆದಿಡಿ. ಎಡವೋ ಬಲವೋ? ಮುಂದಿನ ದೀಪವೋ ಹಿಂದಿನದೋ? ಡ್ಯಾಶ್‌ಬೋರ್ಡಿನ ಬಾಣ ಮಿಣುಕುತ್ತಿತ್ತೋ? ‘ಟಿಕ್ ಟಿಕ್’ ಕೇಳುತ್ತಿತ್ತೋ? ಹೆಡ್‌ಲೈಟ್ ಹಚ್ಚಿದ್ದಿರಾ? ಕಾಲು ಬ್ರೇಕಿನ ಮೇಲಿತ್ತಾ? ಮಳೆ ಬಂದಿತ್ತಾ, ತಗ್ಗು ಹಾರಿತ್ತಾ, ಸ್ಟೇರಿಂಗ್ ಹೊರಳಿತ್ತಾ?

ಒಂದು ವಾರ ಬರೆದರೆ ಸಾಕು, ಚೀಟಿಯೇ ಮಾತಾಡುತ್ತದೆ. ತಗ್ಗಿನಲ್ಲಿ ಎದ್ದು ಬಿದ್ದಾಗ ಹೋಗುವುದಾದರೆ ಬಲ್ಬು ಇಲ್ಲವೇ ಹೋಲ್ಡರ್ ಸಡಿಲ. ಮಳೆಯಾದ ಮರುದಿನ ಹೋದರೆ ದೀಪದೊಳಗೆ ನೀರು ಇಳಿದಿದೆ. ಸ್ಟೇರಿಂಗ್ ಜತೆಗೇ ಬಂದುಹೋದರೆ ಸ್ವಿಚ್. ಮೇ ತಿಂಗಳ ಮಧ್ಯಾಹ್ನ ಸೊಲ್ಲಾಪುರದ ತನಕ ಓಡಿಸಿದ ಮೇಲೆ ಮಾತ್ರ ನಿಂತುಹೋದರೆ, ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುವ ಬೆಸುಗೆ ಅಥವಾ ಫ್ಲಾಶರ್.

ಗಡಿಯಾರ ಇಟ್ಟುಕೊಂಡು ಮಿಣುಕನ್ನೂ ಎಣಿಸಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 102ನೆಯ ನಿಯಮದ ಪ್ರಕಾರ ಇಂಡಿಕೇಟರ್ ನಿಮಿಷಕ್ಕೆ 60ಕ್ಕಿಂತ ಕಡಿಮೆ, 120ಕ್ಕಿಂತ ಹೆಚ್ಚು ಮಿಣುಕಬಾರದು. ಬಣ್ಣ ಹಳದಿ-ಕೇಸರಿ ಇರಬೇಕು. ಕಾಲು ನಿಮಿಷ ಎಣಿಸಿದರೆ 15ರಿಂದ 30ರ ನಡುವೆ ಬರಬೇಕು ಅಂದ ಹಾಗಾಯಿತು. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕಲ್ಲ, ಆಗ ತಪಾಸಣೆಗೆ ನಿಂತಾಗಲೂ ಈ ದೀಪ ಹತ್ತಲೇಬೇಕು.

ಮಾಮಾನ ಚೀಟಿಯಲ್ಲಿ ಆರು ಸಾಲು ಇದ್ದವು. ಸಂಜಿ, ಸಂಜಿ, ರಾತ್ರಿ, ಸಂಜಿ, ನಸುಕಿನ್ಯಾಗ, ಸಂಜಿ. ನಾವಿಬ್ಬರೂ ಓದಿದೆವು, ಇಬ್ಬರಿಗೂ ಏನೂ ಹೊಳೆಯಲಿಲ್ಲ.

2. ಎರಡೂ ಕಡೆಯೋ, ಒಂದೇ ಕಡೆಯೋ?

ಎರಡೂ ಕಡೆ ಕೆಟ್ಟರೆ ಎರಡಕ್ಕೂ ಕೂಡಿ ಇರುವ ವಸ್ತುಗಳನ್ನು ನೋಡಿ: ಫ್ಯೂಜ್, ಫ್ಲಾಶರ್, ಇಗ್ನಿಶನ್ನಿನಿಂದ ಬರುವ ಮೇನ್ ವೈರು. ಒಂದೇ ಕಡೆ ಕೆಟ್ಟರೆ ಫ್ಯೂಜು, ಫ್ಲಾಶರುಗಳನ್ನು ಮುಟ್ಟಲೇಬೇಡಿ. ಆ ಕಡೆಯ ಬಲ್ಬು, ಹೋಲ್ಡರ್, ಅರ್ಥಿಂಗ್, ವೈರು, ಸ್ವಿಚ್ಚಿನ ಆ ಬದಿಯ ಕಾಂಟ್ಯಾಕ್ಟ್, ಇಷ್ಟರಲ್ಲೇ ಕಳ್ಳನಿದ್ದಾನೆ. ಮಾಮಾಗೆ ಎರಡು ಫ್ಲಾಶರ್ ಮಾರಿದವರು ಇಷ್ಟು ಕೇಳಿದ್ದರೂ ಒಂದಾದರೂ ಉಳಿಯುತ್ತಿತ್ತು.

ನಾಲ್ಕೂ ದೀಪ ಒಟ್ಟಿಗೆ ಮಿಣುಕುವ ಹ್ಯಾಜರ್ಡ್ ಸ್ವಿಚ್ ನಿಮ್ಮ ಗಾಡಿಗೆ ಇದ್ದರೆ ಅದನ್ನೂ ಒತ್ತಿ ನೋಡಿ. ಅನೇಕ ಗಾಡಿಗಳಲ್ಲಿ ಎರಡಕ್ಕೂ ಫ್ಲಾಶರ್ ಒಂದೇ, ಕರೆಂಟು ಬರುವ ದಾರಿ ಮಾತ್ರ ಬೇರೆ. ಹ್ಯಾಜರ್ಡಿನಲ್ಲಿ ನಾಲ್ಕೂ ಸರಿಯಾಗಿ ಹತ್ತಿ ಇಂಡಿಕೇಟರ್ ಮಾತ್ರ ಹತ್ತದಿದ್ದರೆ ಬಲ್ಬು, ಹೋಲ್ಡರ್, ಅರ್ಥಿಂಗ್ ಮೂರೂ ನಿರಪರಾಧಿಗಳು. ಇಗ್ನಿಶನ್ ಕಡೆಯ ಫ್ಯೂಜಿಗೋ ಸ್ವಿಚ್ಚಿಗೋ ಹೋಗಿ.

3. ಉರಿಯುವ ಬಲ್ಬನ್ನೂ ಬಿಚ್ಚಿ ನೋಡಿ

ಬಲ್ಬಿನೊಳಗಿನ ತಂತಿ ತುಂಡಾದ ಮೇಲೂ ಎರಡು ತುದಿ ಒಂದಕ್ಕೊಂದು ತಾಗಿಕೊಂಡು ಉರಿಯುವುದುಂಟು. ಗಾಡಿ ಅಲುಗಿತು, ಬಿಟ್ಟುಕೊಂಡಿತು. ಮತ್ತೆ ಅಲುಗಿತು, ಕೂಡಿಕೊಂಡಿತು. ಬಲ್ಬನ್ನು ಬಿಚ್ಚಿ ಬೆಳಕಿಗೆ ಹಿಡಿದು ಉಗುರಿನಿಂದ ಮೆಲ್ಲಗೆ ತಟ್ಟಿ, ತಂತಿ ಜೋಕಾಲಿ ಆಡಿದರೆ ಬದಲಿಸಿ. ಗಾಜು ಕಪ್ಪಾಗಿದ್ದರೂ ಬದಲಿಸಿ.

ಬುಡದ ಸೀಸದ ಚುಕ್ಕೆಯನ್ನೂ ನೋಡಿ. ವರ್ಷಗಟ್ಟಲೆ ಸ್ಪ್ರಿಂಗ್ ಒತ್ತಿ ಒತ್ತಿ ಅದು ಚಪ್ಪಟೆಯಾಗಿ ತಗ್ಗು ಬಿದ್ದಿರುತ್ತದೆ.

ಇನ್ನು ವ್ಯಾಟಿನ ಮಾತು. ಇಂಡಿಕೇಟರಿಗೆ ಬೇಕಾದದ್ದು 12 ವೋಲ್ಟಿನ 21 ವ್ಯಾಟ್ ಬಲ್ಬು. ಅಂಗಡಿಯವರು ‘ಇದೂ ನಡೀತದ’ ಎಂದು 10 ವ್ಯಾಟಿನದನ್ನು ಕೊಟ್ಟರೆ ಉರಿಯುವುದೇನೋ ಉರಿಯುತ್ತದೆ, ಆದರೆ ಫ್ಲಾಶರಿನ ಲೆಕ್ಕ ತಪ್ಪುತ್ತದೆ. ಟೇಲ್ ಮತ್ತು ಬ್ರೇಕಿಗೆ ಕೂಡಿ ಬರುವ 21/5 ವ್ಯಾಟಿನ ಎರಡು ಚುಕ್ಕೆಯ ಬಲ್ಬನ್ನು ಒತ್ತಾಯದಿಂದ ಇಂಡಿಕೇಟರಿನ ಹೋಲ್ಡರಿಗೆ ತುರುಕಿದ ಮಹನೀಯರೂ ಇದ್ದಾರೆ. ಅದರ ಕಿವಿಗಳು ಒಂದು ಮೇಲೆ ಒಂದು ಕೆಳಗೆ ಇರುವುದೇ ಹಾಗೆ ತುರುಕಬಾರದು ಎಂದು.

4. ಹೋಗುವ ದಾರಿ ನೋಡಿದಿರಿ, ತಿರುಗಿ ಬರುವ ದಾರಿ ನೋಡಿದಿರಾ?

ಹಳೆ ಕಾರಿನ ದೀಪದ ಕಾಯಿಲೆಗಳಲ್ಲಿ ನಾನು ಮೊದಲು ಸಂಶಯಪಡುವುದು ಅರ್ಥಿಂಗನ್ನು. ಕರೆಂಟು ವೈರಿನಲ್ಲಿ ಬಲ್ಬಿನ ತನಕ ಬರುತ್ತದೆ, ಹಿಂತಿರುಗುವುದು ಕಾರಿನ ಮೈಯ ಮೂಲಕ. ದೀಪದ ಡಬ್ಬಿಯನ್ನು ಬಾಡಿಗೆ ಬಿಗಿದ ಸ್ಕ್ರೂ ಅಥವಾ ಅಲ್ಲಿಗೆ ಕಟ್ಟಿದ ಗಿಡ್ಡ ವೈರೇ ಆ ದಾರಿ. ಅಲ್ಲಿ ತುಕ್ಕು ಹಿಡಿದರೆ, ಬಣ್ಣ ಕೂತರೆ, ಧೂಳು-ಎಣ್ಣೆ ಸೇರಿ ಪದರಗಟ್ಟಿದರೆ ಕರೆಂಟಿಗೆ ಮನೆಗೆ ಹೋಗಲು ದಾರಿಯಿಲ್ಲ.

ದಾರಿ ಸಿಗದ ಕರೆಂಟು ಸುಮ್ಮನೆ ಕೂಡುವುದಿಲ್ಲ, ಪಕ್ಕದ ಬಲ್ಬಿನ ತಂತಿಯೊಳಗೆ ನುಸುಳಿ ಬೇರೆ ದೀಪದ ಅರ್ಥಿಂಗ್ ಹುಡುಕಿಕೊಂಡು ಹೋಗುತ್ತದೆ. ಇಂಡಿಕೇಟರ್ ಹಾಕಿದರೆ ಟೇಲ್ ಲೈಟೂ ಮಂದವಾಗಿ ಮಿಣುಕುವುದು, ಬ್ರೇಕ್ ಒತ್ತಿದರೆ ಇಂಡಿಕೇಟರ್ ಸೊರಗುವುದು, ಇವೆಲ್ಲ ಅದೇ ಕಾರಣಕ್ಕೆ. ಒಂದು ದೀಪ ಹಾಕಿದರೆ ಇನ್ನೊಂದು ಕುಣಿಯಿತೋ, ಬೇರೇನೂ ಯೋಚಿಸದೆ ಅರ್ಥಿಂಗ್ ನೋಡಿ.

ಈಗ ಮಾಮಾನ ಚೀಟಿಗೆ ಬನ್ನಿ. ಸಂಜಿ, ಸಂಜಿ, ರಾತ್ರಿ. ಅಕ್ಕಲಕೋಟದಿಂದ ತಿರುಗಿ ಬರುವಾಗ ಕತ್ತಲಾಗಿರುತ್ತದೆ, ಲೈಟ್ ಹಚ್ಚಿರುತ್ತಾರೆ. ಊರೊಳಗೆ ಹೊರಳುವಾಗ ಬ್ರೇಕಿನ ಮೇಲೆ ಕಾಲಿಟ್ಟು ಬಲಗಡೆ ಇಂಡಿಕೇಟರ್ ಹಾಕುತ್ತಾರೆ. ಟೇಲಿನ 5 ವ್ಯಾಟ್, ಬ್ರೇಕಿನ 21, ಇಂಡಿಕೇಟರಿನ 21, ಮೂರೂ ಒಂದೇ ಸ್ಕ್ರೂವಿನ ಮೂಲಕ ಹಿಂತಿರುಗಬೇಕು. ಅರ್ಧ ಕೂಡಿಕೊಂಡ ಆ ಸ್ಕ್ರೂಗೆ ಒಂದು ಬಲ್ಬಿನ ಭಾರ ತಡೆಯುತ್ತಿತ್ತು, ಮೂರರದು ತಡೆಯುತ್ತಿರಲಿಲ್ಲ. ಮೇಲಾಗಿ, ಹಗಲಲ್ಲಿ ಟೇಲ್ ಬಲ್ಬಿನ ಮೂಲಕ ನುಸುಳಿ ಹೋಗುವ ಕಳ್ಳದಾರಿ ಇರುತ್ತದೆ; ರಾತ್ರಿ ಆ ದಾರಿಯಲ್ಲೂ ಎದುರಿನಿಂದ ಕರೆಂಟು ಬರುತ್ತಿರುವುದರಿಂದ ಅದೂ ಬಂದ್. ಗ್ಯಾರೇಜಿಗೆ ಹೋಗುವುದೋ ಬೆಳಿಗ್ಗೆ ಹನ್ನೊಂದಕ್ಕೆ, ಬಿಸಿಲಿನಲ್ಲಿ, ಲೈಟ್ ಆರಿಸಿ, ಬ್ರೇಕಿನಿಂದ ಕಾಲು ತೆಗೆದು. ಅಲ್ಲಿ ಯಾಕೆ ಹತ್ತುವುದಿಲ್ಲ? ಗಾಡಿ ಮಿಸ್ತ್ರಿಗೆ ಹೆದರುತ್ತಿರಲಿಲ್ಲ, ಅವರ ಎದುರು ಕೆಲಸವೇ ಕಡಿಮೆ ಇತ್ತು.

ಆದ್ದರಿಂದ ಪರೀಕ್ಷೆ ಮಾಡುವಾಗ ಲೈಟ್ ಹಚ್ಚಿ, ಒಬ್ಬರನ್ನು ಬ್ರೇಕ್ ಒತ್ತಿ ಕೂರಲು ಹೇಳಿ, ಆಮೇಲೆ ಇಂಡಿಕೇಟರ್ ಹಾಕಿ. ಐದು ಮೀಟರ್ ದಪ್ಪ ವೈರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿ, ಇನ್ನೊಂದನ್ನು ದೀಪದ ಡಬ್ಬಿಯ ಬರಿ ಲೋಹಕ್ಕೆ ಒತ್ತಿ ಹಿಡಿಯಿರಿ. (ತೀರಾ ಹಳೆಯ ಕೆಲವು ಗಾಡಿಗಳಲ್ಲಿ ಪ್ಲಸ್ಸನ್ನೇ ಬಾಡಿಗೆ ಕಟ್ಟಿರುತ್ತಾರೆ, ಮೊದಲು ನೋಡಿಕೊಳ್ಳಿ.) ದೀಪ ಥಟ್ಟನೆ ಬೆಳಗಿತೋ, ರೋಗ ಸಿಕ್ಕಿತು.

ಮಾಮಾನ ಮಗಳ ಮದುವೆಗೆ ಮುಂಚೆ ಪದ್ಮಿನಿಗೆ ಡೆಂಟಿಂಗ್-ಪೇಂಟಿಂಗ್ ಆಗಿತ್ತು. ಬಣ್ಣ ಹೊಡೆದವರು ಕೆಲಸ ಅಚ್ಚುಕಟ್ಟಾಗಿಯೇ ಮಾಡಿದ್ದರು. ಎಷ್ಟು ಅಚ್ಚುಕಟ್ಟು ಎಂದರೆ ಹಿಂದಿನ ದೀಪ ಕೂರುವ ಜಾಗಕ್ಕೂ, ಸ್ಕ್ರೂ ತೂತಿನ ಒಳಗೂ ಎರಡು ಕೋಟು. ಪಾಲಿಶ್ ಪೇಪರಿನಿಂದ ಅಲ್ಲಿನ ಬಣ್ಣ ತಿಕ್ಕಿ ಲೋಹ ಹೊಳೆಯಿಸಿ, ಹಲ್ಲಿನ ವಾಶರ್ ಹಾಕಿ ಬಿಗಿದು, ಮೇಲೆ ಒಂದಿಷ್ಟು ವ್ಯಾಸ್ಲಿನ್ ಸವರಿದೆವು. ಖರ್ಚು ಎಂದರೆ ಒಂದು ವಾಶರ್. “ಹಂಗಾರ ಮದವಿ ಖರ್ಚಿನ್ಯಾಗ ಇದನ್ನೂ ಹಿಡೀಬೇಕು” ಎಂದರು ಮಾಮಾ.

5. ಹೋಲ್ಡರಿನ ಒಳಗೆ ಇಣುಕಿ

ಬಿಳಿ ಪುಡಿ, ಹಸಿರು ಪಾಚಿಯಂಥದು, ಕೆಂಪು ತುಕ್ಕು, ಯಾವುದಿದ್ದರೂ ತೆಗೆಯಬೇಕು. ಬ್ಯಾಟರಿ ತಂತಿ ಬಿಚ್ಚಿಟ್ಟು, ಸಣ್ಣ ಕಡ್ಡಿಗೆ ಪಾಲಿಶ್ ಪೇಪರ್ ಸುತ್ತಿ ತಿರುಗಿಸಿ. ಸ್ಪ್ರಿಂಗ್ ಒತ್ತಿದರೆ ಎದ್ದು ಬರಬೇಕು. ಬರದಿದ್ದರೆ ಹೋಲ್ಡರ್ ಬದಲಿಸಿ, ಎಳೆದು ಉದ್ದ ಮಾಡಿದ ಸ್ಪ್ರಿಂಗ್ ಒಂದು ತಿಂಗಳು ಬಂದರೆ ಹೆಚ್ಚು. ದೀಪದ ಗಾಜಿನ ಕೆಳಗಿನ ರಬ್ಬರ್ ಪಟ್ಟಿ ಬಿರುಕು ಬಿಟ್ಟಿದ್ದರೆ ಈ ಕೆಲಸ ಪ್ರತಿ ಮಳೆಗಾಲಕ್ಕೂ ಗ್ಯಾರಂಟಿ.

6. ಮೀಟರಿನ ‘ಪೀಂ’ ಸದ್ದಿಗೆ ಮರುಳಾಗಬೇಡಿ

ಹೊಸದಾಗಿ ಮಲ್ಟಿಮೀಟರ್ ಕೊಂಡವರೆಲ್ಲ ಬೀಳುವ ಹಳ್ಳ ಇದು. ವೈರಿನ ಎರಡು ತುದಿಗೆ ಮುಳ್ಳು ಇಟ್ಟರೆ ‘ಪೀಂ’ ಅನ್ನುತ್ತದೆ, ವೈರು ಸರಿಯಿದೆ ಎಂದು ಮುಂದೆ ಹೋಗುತ್ತೇವೆ. ಇಪ್ಪತ್ತು ಎಳೆಯ ವೈರಿನಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಉಳಿದಿದ್ದರೂ ಅದು ‘ಪೀಂ’ ಎನ್ನುತ್ತದೆ, ಯಾಕೆಂದರೆ ಮೀಟರ್ ಕಳಿಸುವುದು ಬಹಳ ಸಣ್ಣ ಕರೆಂಟು. 21 ವ್ಯಾಟಿನ ಬಲ್ಬಿಗೆ ಬೇಕಾದದ್ದು 1.75 ಆಂಪಿಯರ್. ಮುದುಕಿಯೊಬ್ಬಳು ದಾಟಿದ ಕಾಲುಸಂಕದ ಮೇಲೆ ಕಬ್ಬಿನ ಬಂಡಿ ಹೊಡೆದಂತಾಗುತ್ತದೆ.

ಲೆಕ್ಕ ಹಾಕಿ ನೋಡಿ. ಉರಿಯುತ್ತಿರುವ 21 ವ್ಯಾಟ್ ಬಲ್ಬಿನ ತಡೆ ಸುಮಾರು 7 ಓಮ್. ದಾರಿಯಲ್ಲೆಲ್ಲೋ ತುಕ್ಕಿನದು ಕೇವಲ 1 ಓಮ್ ಸೇರಿಕೊಂಡರೆ ಬಲ್ಬಿಗೆ 12ರ ಬದಲು ಹತ್ತೂವರೆ ವೋಲ್ಟು ಸಿಗುತ್ತದೆ. ವೋಲ್ಟು ಇಳಿದಷ್ಟೇ ಬೆಳಕು ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ; ಅಂದಾಜು ಮೂರನೆಯ ಒಂದು ಭಾಗ ಬೆಳಕು ಹೋಯಿತೆಂದೇ ತಿಳಿಯಿರಿ.

ಹಾಗಾಗಿ ಹೊರೆ ಹೊರಿಸಿಯೇ ಪರೀಕ್ಷಿಸಬೇಕು. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಟೇಲ್, ಬ್ರೇಕ್ ಎರಡೂ ಉರಿಯುತ್ತಿರುವಾಗ ದೀಪದ ಡಬ್ಬಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆಯಿರಿ. 0.2ರ ಒಳಗೆ ಇದ್ದರೆ ಅರ್ಥಿಂಗ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ನಾಲ್ಕನೆಯ ಸೂತ್ರಕ್ಕೆ ಹಿಂತಿರುಗಿ. ಇಂಡಿಕೇಟರ್ ಮಿಣುಕುವಾಗ ಡಿಜಿಟಲ್ ಮೀಟರಿನ ಅಂಕಿ ನಿಲ್ಲುವುದಿಲ್ಲ, ಅದಕ್ಕೇ ಟೇಲ್-ಬ್ರೇಕ್ ಹಚ್ಚಿ ನೋಡುವುದು.

ಮೀಟರ್ ಇಲ್ಲದವರು ಕೊರಗಬೇಕಾಗಿಲ್ಲ. ಹಳೆ ಹೋಲ್ಡರಿಗೆ 21 ವ್ಯಾಟಿನ ಬಲ್ಬು ಸಿಕ್ಕಿಸಿ ಎರಡು ವೈರು, ಎರಡು ಮೊಸಳೆ ಕ್ಲಿಪ್ಪು ಕಟ್ಟಿಕೊಳ್ಳಿ. ನನ್ನ ಮಟ್ಟಿಗೆ ಈ ಕೆಲಸಕ್ಕೆ ಇದು ಮೀಟರಿಗಿಂತ ಪ್ರಾಮಾಣಿಕ. ಏರ್‌ಬ್ಯಾಗ್ ಇರುವ ಗಾಡಿಯ ವೈರುಗಳಿಗೆ ಮಾತ್ರ ಇದನ್ನು ಹಚ್ಚಬೇಡಿ.

7. ಫ್ಯೂಜ್ ಹೋಗಿಲ್ಲ ಎಂದರೆ ಫ್ಯೂಜ್ ಸರಿಯಿದೆ ಎಂದಲ್ಲ

ಫಿಯಾಟ್ ಕುಲದ ಹಳೆ ಗಾಡಿಗಳಲ್ಲಿ ಎರಡೂ ತುದಿ ಚೂಪಾದ, ಮೈಮೇಲೆ ಲೋಹದ ಪಟ್ಟಿ ಓಡಿದ ಫ್ಯೂಜುಗಳಿರುತ್ತವೆ. ಪಟ್ಟಿ ಅಖಂಡ ಇರುತ್ತದೆ, ಆದರೆ ತುದಿಯೂ ಅದನ್ನು ಹಿಡಿದ ಹಿತ್ತಾಳೆ ಕ್ಲಿಪ್ಪೂ ಕಪ್ಪಾಗಿರುತ್ತವೆ. ಬೆರಳಿನಿಂದ ಫ್ಯೂಜನ್ನು ಇದ್ದಲ್ಲೇ ಎರಡು ಸುತ್ತು ತಿರುಗಿಸಿ. ಅಷ್ಟಕ್ಕೇ ಇಂಡಿಕೇಟರ್ ಜೀವ ಪಡೆದರೆ ಎಲ್ಲವನ್ನೂ ಬಿಚ್ಚಿ ತಿಕ್ಕಿ, ಕ್ಲಿಪ್ಪನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ.

ಸಿಗರೇಟಿನ ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತುವ ಜಾಣ್ಮೆ ಬೇಡ. ಫ್ಯೂಜ್ ಉರಿಯದಿದ್ದರೆ ವೈರು ಉರಿಯುತ್ತದೆ, ಆ ವೈರು ನಿಮ್ಮ ಮೊಣಕಾಲಿನ ಮೇಲೇ ಇರುತ್ತದೆ.

8. ಫ್ಲಾಶರಿನ ಭಾಷೆ ಕಲಿಯಿರಿ

ಡ್ಯಾಶ್‌ಬೋರ್ಡಿನ ಕೆಳಗೆ ‘ಟಿಕ್ ಟಿಕ್’ ಎನ್ನುವ ಸಣ್ಣ ಡಬ್ಬಿಯೇ ಫ್ಲಾಶರ್. ಅದರಲ್ಲಿ ಎರಡು ಜಾತಿ. ಹಳೆಯದರಲ್ಲಿ ತಂತಿಯೋ ಪಟ್ಟಿಯೋ ಬಿಸಿಯಾಗಿ ಬಗ್ಗುತ್ತದೆ, ತಣ್ಣಗಾಗಿ ನೆಟ್ಟಗಾಗುತ್ತದೆ. ಅದೇ ಅದರ ಗಡಿಯಾರ. ಒಂದು ಬಲ್ಬು ಹೋದರೆ ಕರೆಂಟು ಕಡಿಮೆಯಾಗಿ ಅದು ಬೇಗ ಕಾಯುವುದಿಲ್ಲ, ಬಹುಮಟ್ಟಿಗೆ ನಿಧಾನವಾಗುತ್ತದೆ, ಇಲ್ಲವೇ ಮಿಣುಕದೆ ಉರಿದುಕೊಂಡೇ ನಿಲ್ಲುತ್ತದೆ. ಎಲೆಕ್ಟ್ರಾನಿಕ್ ಫ್ಲಾಶರ್ ಇದಕ್ಕೆ ಉಲ್ಟಾ, ಬಲ್ಬು ಹೋದರೆ ಅವಸರ ಅವಸರವಾಗಿ ಬಡಿದುಕೊಳ್ಳುತ್ತದೆ. ನಿಧಾನವೋ ಅವಸರವೋ, ಅದು ಒಂದೇ ಕಡೆಗೆ ಇದ್ದರೆ ದೂರು ಹೇಳುತ್ತಿರುವುದು ಬಲ್ಬಿನ ಮೇಲೆ. ದೂರು ತಂದವನನ್ನೇ ಹೊರಹಾಕಿದರೆ ಉಪಯೋಗವಿಲ್ಲ.

ಎರಡೂ ಕಡೆ ತಕರಾರಿದ್ದಾಗ ಮಾಡಬೇಕಾದ ಪರೀಕ್ಷೆ ಇಷ್ಟು: ಫ್ಲಾಶರನ್ನು ಕಿತ್ತು, ಕರೆಂಟು ಬರುವ ವೈರಿಗೂ (ಡಬ್ಬಿಯ ಮೇಲೆ ಬಿ ಅಥವಾ 49) ದೀಪಕ್ಕೆ ಹೋಗುವ ವೈರಿಗೂ (ಎಲ್ ಅಥವಾ 49ಎ) ಒಂದು ತುಂಡು ವೈರಿನಿಂದ ಗಂಟು ಹಾಕಿ. ಇಂಡಿಕೇಟರ್ ಮಿಣುಕದೆ ಉರಿಯಬೇಕು. ಹಾಗೇ ಊರ ಹೊರಗಿನ ಕಚ್ಚಾ ರಸ್ತೆಯಲ್ಲಿ ಎರಡು ಫರ್ಲಾಂಗು ಹೋಗಿಬನ್ನಿ, ಒಬ್ಬರು ಹಿಂದಿನಿಂದ ಬೈಕಿನಲ್ಲಿ ನೋಡುತ್ತಿರಲಿ. ದೀಪ ಒಂದು ಸಲವೂ ಕಣ್ಣು ಮುಚ್ಚದಿದ್ದರೆ ಫ್ಲಾಶರೇ ಕೆಟ್ಟಿದೆ. ತಗ್ಗಿಗೊಮ್ಮೆ ಕಣ್ಣು ಹೊಡೆದರೆ ದೋಷ ಬೇರೆಲ್ಲೋ ಇದೆ. ಮೂರು ಕಾಲಿನ ಫ್ಲಾಶರಾದರೆ ಮೂರನೆಯ ಕಾಲನ್ನು ಮುಟ್ಟಬೇಡಿ, ಅದು ಅರ್ಥಿಂಗಿನದಾಗಿದ್ದರೆ ನೇರ ಶಾರ್ಟ್ ಆಗುತ್ತದೆ.

ಚಂದಕ್ಕೆಂದು ಎಲ್‌ಇಡಿ ಬಲ್ಬು ಹಾಕಿಸಿದವರಿಗೆ ಒಂದು ಮಾತು: ಅದು ಎಳೆಯುವ ಕರೆಂಟು ಎಷ್ಟು ಕಡಿಮೆ ಎಂದರೆ ಹಳೆ ಫ್ಲಾಶರಿಗೆ ಬಲ್ಬು ಇದೆ ಎಂದೇ ತಿಳಿಯುವುದಿಲ್ಲ. ಎಲ್‌ಇಡಿಗೆಂದೇ ಮಾಡಿದ ಫ್ಲಾಶರ್ ಹಾಕಿ, ಇಲ್ಲವೇ ಹಳೆ ಬಲ್ಬಿಗೇ ಮರಳಿ.

9. ಸ್ವಿಚ್ಚನ್ನು ಬಿಚ್ಚುವ ಮೊದಲು ಬಟ್ಟೆ ಹಾಸಿ

ಕಡ್ಡಿಯನ್ನು ಮೇಲೆ ಕೆಳಗೆ ಹಾಕಿ, ಹಾಕಿದ ಮೇಲೂ ಸ್ವಲ್ಪ ಒತ್ತಿ, ಸ್ವಲ್ಪ ಎಳೆಯಿರಿ. ಬೆರಳಿನ ಒತ್ತಡಕ್ಕೆ ದೀಪ ಬಂದುಹೋದರೆ ಒಳಗಿನ ಹಿತ್ತಾಳೆ ಸವೆದಿದೆ ಅಥವಾ ಹಳೆ ಗ್ರೀಸು ಧೂಳಿನೊಂದಿಗೆ ಗಟ್ಟಿಯಾಗಿದೆ. ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಐವತ್ತು ಸಲ ಆಡಿಸಿ. ಅರ್ಧದಷ್ಟು ಸ್ವಿಚ್ಚುಗಳು ಇಷ್ಟಕ್ಕೇ ದಾರಿಗೆ ಬರುತ್ತವೆ ಎಂಬುದು ನನ್ನ ಅಂದಾಜು.

ಬಿಚ್ಚಲೇಬೇಕಾದರೆ ಮಡಿಲಲ್ಲಿ ಟಾವೆಲ್ ಹಾಸಿಕೊಳ್ಳಿ. ಒಳಗೆ ಸಾಸಿವೆಗಿಂತ ತುಸು ದೊಡ್ಡ ಉಕ್ಕಿನ ಗುಂಡು, ಕೂದಲಿನಂಥ ಸ್ಪ್ರಿಂಗ್ ಇರುತ್ತವೆ. ಹಾರಿದರೆ ಸಿಗುವುದಿಲ್ಲ, ಬಿಡಿಯಾಗಿ ಮಾರುವವರೂ ಇಲ್ಲ.

10. ವೈರು ಬಾಗುವಲ್ಲಿ, ವೈರು ಕೂಡುವಲ್ಲಿ

ನೆಟ್ಟಗೆ ಓಡುವ ವೈರು ಕೆಡುವುದು ಅಪರೂಪ. ಡಿಕ್ಕಿಯ ಕೀಲು, ಬಾನೆಟ್ಟಿನ ಮೂಲೆ, ಸ್ಟೇರಿಂಗ್ ಕಂಬ, ಹೀಗೆ ದಿನಾ ಬಾಗುವ ಜಾಗದಲ್ಲಿ ಹೊರಗಿನ ರಬ್ಬರ್ ಸರಿಯಾಗೇ ಇದ್ದು ಒಳಗಿನ ತಾಮ್ರ ತುಂಡಾಗಿರುತ್ತದೆ. ಒಬ್ಬರು ಇಂಡಿಕೇಟರ್ ಹಾಕಿ ಕೂತಿರಲಿ, ಇನ್ನೊಬ್ಬರು ಮುಂದಿನಿಂದ ಹಿಂದಿನ ತನಕ ಗೇಣು ಗೇಣಾಗಿ ವೈರನ್ನು ಅಲುಗಾಡಿಸುತ್ತ ಬರಲಿ.

ನಂತರ ಹಿಂದಿನ ಮಾಲೀಕರ ಪಾಪಗಳು. ಟೇಪ್ ರೆಕಾರ್ಡರಿಗೆ ಕದ್ದ ಕರೆಂಟು, ಹಿಂದೆ ಹೋಗುವಾಗ ಹಾಡುವ ಹಾರ್ನಿಗೆ ಕೊಟ್ಟ ಟ್ಯಾಪು, ಹಲ್ಲಿನಿಂದ ಸುಲಿದು ಹುರಿ ಹೊಸೆದು ಟೇಪ್ ಸುತ್ತಿದ ಗಂಟುಗಳು. ನಮ್ಮ ಕಡೆಯ ಬೇಸಿಗೆಗೆ ಆ ಟೇಪಿನ ಅಂಟು ಬೆಲ್ಲದ ಪಾಕದಂತೆ ಕರಗಿ ಜಾರುತ್ತದೆ. ಬೆಸುಗೆ ಹಾಕಿ ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ, ಅಥವಾ ಒತ್ತಿ ಕೂಡಿಸುವ ಲಗ್ ಹಾಕಿ.

ಜೋಳದ ಕಣಿಕೆ ಒಟ್ಟಿದ ಕೊಟ್ಟಿಗೆಯ ಪಕ್ಕದಲ್ಲೇ ಕಾರು ನಿಲ್ಲಿಸುವವರು ಇಲಿಯನ್ನೂ ಆರೋಪಿಗಳ ಪಟ್ಟಿಗೆ ಸೇರಿಸಿಕೊಳ್ಳಿ. ಸೀಟಿನ ಕೆಳಗೆ ಹಿಕ್ಕೆ ಸಿಕ್ಕರೆ ಪುರಾವೆ ಸಿಕ್ಕ ಹಾಗೆ.

11. ದೋಷ ಸಿಗುವತನಕ ಕೈ ಇದೆಯಲ್ಲ

ಕಿಟಕಿ ಇಳಿಸಿ. ಬಲಕ್ಕೆ ಹೋಗುವುದಿದ್ದರೆ ಬಲಗೈಯನ್ನು ಅಂಗೈ ಮುಂದಕ್ಕೆ ಇರುವಂತೆ ನೇರ ಚಾಚಿ. ಎಡಕ್ಕಿದ್ದರೆ ಚಾಚಿದ ಬಲಗೈಯನ್ನು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿ. ಹೊಸ ಹುಡುಗರಿಗೆ ಇದು ತಿಳಿಯುತ್ತದೆಂಬ ಭರವಸೆ ಇಲ್ಲ, ಆದರೂ ಏನೋ ಆಗುವುದಿದೆ ಎಂದು ವೇಗ ಇಳಿಸುತ್ತಾರೆ.

ಕತ್ತಲಲ್ಲಿ ಕೈ ಕಾಣುವುದಿಲ್ಲ, ಆದ್ದರಿಂದ ದುರಸ್ತಿಯಾಗುವತನಕ ರಾತ್ರಿ ಗಾಡಿ ತೆಗೆಯಬೇಡಿ. ದೀಪಾವಳಿ ಕಳೆದ ಮೇಲೆ ಕಬ್ಬಿನ ಹಂಗಾಮಿನಲ್ಲಂತೂ ಬೇಡವೇ ಬೇಡ. ಹಿಂದೆ ಒಂದೂ ದೀಪವಿಲ್ಲದೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ನಡುವೆ ಇಂಡಿಕೇಟರ್ ಇಲ್ಲದ ನೀವೂ ಸೇರಿದರೆ ಆ ರಸ್ತೆಯನ್ನು ಕಾಯುವವರು ಯಾರು?

ಇಂಡಿಕೇಟರ್ ಸರಿ ಇದ್ದರೂ ಅದರ ಅರ್ಥ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನೂ ನೆನಪಿಡಿ. ಲಾರಿಯವರು ಬಲಗಡೆಯದನ್ನು ಹಾಕಿದರೆ ‘ನಾನು ಹೊರಳುತ್ತೇನೆ’ ಎಂದೂ ಇರಬಹುದು, ‘ದಾರಿ ಖಾಲಿ ಇದೆ, ನೀ ಮುಂದ ಹೋಗು’ ಎಂದೂ ಇರಬಹುದು. ನಾಲ್ಕು ರಸ್ತೆ ಕೂಡುವಲ್ಲಿ ನಾಲ್ಕೂ ದೀಪ ಮಿಣುಕಿಸಿ ‘ನೇರ ಹೊಂಟೀನಿ’ ಎನ್ನುವವರು ಬೇರೆ. ಎಡಬಲದಿಂದ ಬರುವವರಿಗೆ ನಾಲ್ಕರಲ್ಲಿ ಅರ್ಧವಷ್ಟೇ ಕಾಣುತ್ತದೆ, ಅವರು ಅದನ್ನು ಹೊರಳುವ ಸೂಚನೆ ಎಂದೇ ಓದುತ್ತಾರೆ.

12. ಎಲ್ಲಿ ಕೈಬಿಡಬೇಕೆಂದೂ ತಿಳಿದಿರಲಿ

ದುರಸ್ತಿಯಾದ ಮೇಲೆ ಮಾಮಾ ಹೊಸ ದೂರು ತಂದರು. ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಹತ್ತಿರ ಹೊರಳಲು ಕಾಯುತ್ತ ನಿಂತಾಗ, ಹೆಡ್‌ಲೈಟ್ ಹಚ್ಚಿದ್ದರೆ, ಎರಡೂ ಕಡೆಯ ಇಂಡಿಕೇಟರ್ ನಿಧಾನವಾಗುತ್ತದೆ. ಎಣಿಸಿದೆ, ಕಾಲು ನಿಮಿಷಕ್ಕೆ ಹದಿನಾರು. ಬ್ಯಾಟರಿ ಅಳೆದೆ: ಎಂಜಿನ್ ನಿಂತಾಗ 12.6 ವೋಲ್ಟ್, ಎಕ್ಸಲರೇಟರ್ ಕೊಟ್ಟಾಗ 14. ಎರಡೂ ಸರಿ. ಆದರೆ ಮಾಮಾನ ಗಾಡಿಯಲ್ಲಿರುವುದು ಹಳೆಯ ಡೈನಮೋ, ಆಲ್ಟರ್ನೇಟರ್ ಅಲ್ಲ. ಎಂಜಿನ್ ಮೆಲ್ಲಗೆ ತಿರುಗುವಾಗ ಅದು ಹೆಚ್ಚೇನೂ ಕರೆಂಟು ಹುಟ್ಟಿಸುವುದಿಲ್ಲ, ವೋಲ್ಟು ಇಳಿಯುತ್ತದೆ, ಫ್ಲಾಶರಿನ ತಂತಿ ತಡವಾಗಿ ಕಾಯುತ್ತದೆ.

“ಡೈನಮೋ ತಗಸಿ ಆಲ್ಟರ್ನೇಟರ್ ಹಾಕಸ್ಲೇನು?” ಎಂದರು.

“ಬ್ಯಾಡ್ರಿ ಮಾಮಾ. ನಿಂತಾಗ ಒಂಚೂರು ರೇಸ್ ಕೊಡ್ರಿ, ಸಾಕು.”